ಮನಸ್ಸು ನಿಲ್ಲದವರಿಗೆ ಧ್ಯಾನ: ಯಾವುದು ಮೊದಲು, ಯಾವುದು ಆಮೇಲೆ

"ಧ್ಯಾನಕ್ಕೆ ಕೂತರೆ ಮನಸ್ಸು ಇನ್ನೂ ಜಾಸ್ತಿ ಓಡುತ್ತದೆ" ಎನ್ನುವವರು ತುಂಬಾ ಜನ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಬಂದು ಕೂರುತ್ತಾರೆ, ಕಣ್ಣು ಮುಚ್ಚುತ್ತಾರೆ, ನೇರವಾಗಿ ಮನಸ್ಸಿಗೇ ಕೈಹಾಕುತ್ತಾರೆ. ಯೋಚನೆಗಳ ಜೊತೆ ಗುದ್ದಾಡಿ ಸುಸ್ತಾಗಿ ಏಳುತ್ತಾರೆ. ನಾಲ್ಕು ದಿನ ಹೀಗಾದ ಮೇಲೆ "ಇದು ನನ್ನಂಥವರಿಗೆ ಆಗುವುದಲ್ಲ" ಅಂತ ಬಿಟ್ಟುಬಿಡುತ್ತಾರೆ.

ಪತಂಜಲಿಯ ಯೋಗಸೂತ್ರದ ಎಂಟು ಅಂಗಗಳನ್ನು ಒಮ್ಮೆ ಎಣಿಸಿ ನೋಡಿ. ಯಮ (ಇತರರೊಂದಿಗಿನ ನಡತೆಯ ಶಿಸ್ತು), ನಿಯಮ (ಸ್ವಂತ ಬದುಕಿನ ಶಿಸ್ತು), ಆಸನ, ಪ್ರಾಣಾಯಾಮ, ಪ್ರತ್ಯಾಹಾರ (ಇಂದ್ರಿಯಗಳನ್ನು ಒಳಕ್ಕೆ ತಿರುಗಿಸುವುದು), ಧಾರಣೆ (ಚಿತ್ತವನ್ನು ಒಂದೆಡೆ ನಿಲ್ಲಿಸುವುದು), ಧ್ಯಾನ, ಸಮಾಧಿ (ಅದರಲ್ಲೇ ಲೀನವಾಗುವುದು). ಧ್ಯಾನ ಬರುವುದು ಏಳನೆಯದಾಗಿ. ಮೊದಲ ಆರನ್ನು ಹಾರಿ ಅಲ್ಲಿಗೇ ಹೋದರೆ ಕಾಲಿಡಲು ನೆಲ ಇರುವುದಿಲ್ಲ.

ಈ ಕ್ರಮಕ್ಕೆ ಕಾರಣ ಅದೇ ಗ್ರಂಥದ 1.31ನೇ ಸೂತ್ರದಲ್ಲಿ ಸಿಗುತ್ತದೆ. ಚಿತ್ತ ಚದುರಿದಾಗ ಜೊತೆಗೆ ನಾಲ್ಕು ಲಕ್ಷಣ ಬರುತ್ತವೆ ಎನ್ನುತ್ತಾರೆ ಪತಂಜಲಿ: ದುಃಖ, ಬೇಸರ, ಮೈಯ ಅಲುಗಾಟ, ಏರುಪೇರಾದ ಉಸಿರು. ಮೊದಲ ಎರಡನ್ನು ಹಿಡಿಯಲು ಆಗುವುದಿಲ್ಲ. ಕೊನೆಯ ಎರಡು ನಮ್ಮ ಕೈಗೆ ಸಿಗುತ್ತವೆ. ಅಲ್ಲಿಂದಲೇ ಶುರು ಮಾಡಬೇಕು.

## ಏನೇನು ಬೇಕು

ಒಂದು ದಪ್ಪ ಕಂಬಳಿ ಅಥವಾ ಗಟ್ಟಿ ದಿಂಬು. ನೆಲದಲ್ಲಿ ಕೂರಲು ಆಗದಿದ್ದರೆ ಕೈ ಇಲ್ಲದ, ಪಾದ ನೆಲಕ್ಕೆ ಪೂರ್ತಿ ತಾಗುವ ಕುರ್ಚಿ. ಮೆಲ್ಲಗೆ ಸದ್ದು ಮಾಡುವ ಟೈಮರ್. ಒಂದು ಸಣ್ಣ ನೋಟ್‌ಬುಕ್, ಪೆನ್ನು. ಜಪ ಮಾಡುವವರಾದರೆ 108 ಮಣಿಯ ಮಾಲೆ.

ಟೈಮರ್ ಇಲ್ಲದೆ ಕೂರಬೇಡಿ. "ಎಷ್ಟು ಹೊತ್ತಾಯಿತು" ಅನ್ನುವ ಒಂದೇ ಪ್ರಶ್ನೆ ಅರ್ಧ ಸಮಯ ತಿಂದುಹಾಕುತ್ತದೆ. ಟೈಮರ್ ಮೊಬೈಲಿನಲ್ಲೇ ಇದ್ದರೆ ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕೈಗೆ ಸಿಗದ ಜಾಗದಲ್ಲಿ, ಮುಖ ಕೆಳಗೆ ಮಾಡಿ ಇಡಿ.

## ಹಂತ 1: ಕೂರುವ ಮೊದಲು ದಿನವನ್ನು ಸರಿ ಮಾಡಿ

ಗೀತೆಯ ಆರನೇ ಅಧ್ಯಾಯದಲ್ಲಿ (6.16) ಒಂದು ನೇರ ಮಾತಿದೆ. ಅತಿಯಾಗಿ ತಿನ್ನುವವನಿಗೆ ಯೋಗ ಇಲ್ಲ, ಏನೂ ತಿನ್ನದವನಿಗೂ ಇಲ್ಲ. ಅತಿಯಾಗಿ ಮಲಗುವವನಿಗೂ ಇಲ್ಲ, ನಿದ್ದೆಗೆಡುವವನಿಗೂ ಇಲ್ಲ. ಇದನ್ನು ನೀತಿಮಾತು ಅಂದುಕೊಂಡು ಓದಿ ಮುಂದೆ ಹೋಗುತ್ತೇವೆ, ಅಲ್ವಾ? ನಿಜಕ್ಕೂ ಇದು ಮೊದಲ ಪರೀಕ್ಷೆ.

ನಿದ್ದೆ ಸಾಲದ ದಿನ ಎರಡರಲ್ಲಿ ಒಂದಾಗುತ್ತದೆ. ಕೂತ ಕೂಡಲೇ ತೂಕಡಿಕೆ ಬರುತ್ತದೆ, ಇಲ್ಲವೇ ತಲೆ ಕಾದ ಹಾಗಿದ್ದು ಯೋಚನೆ ನಿಲ್ಲುವುದೇ ಇಲ್ಲ. ಇದಕ್ಕೆ ಧ್ಯಾನದಲ್ಲಿ ಪರಿಹಾರ ಹುಡುಕಬೇಡಿ, ಹೋಗಿ ಮಲಗಿ. ಊಟವಾಗಿ ಎರಡು ಮೂರು ಗಂಟೆಯಾದರೂ ಕಳೆದಿರಲಿ. ಜಗಳ ಮಾಡಿ ಬಂದ ಕೂಡಲೇ ಕೂರಬೇಡಿ, ಮೊದಲು ಸ್ವಲ್ಪ ನಡೆದು ಬನ್ನಿ.

ಯಮ ನಿಯಮಗಳ ಕೆಲಸವೂ ಇಲ್ಲೇ ಬರುತ್ತದೆ. ಹಗಲು ಒಂದು ಸುಳ್ಳು ಹೇಳಿದರೆ ಅದನ್ನು ಕಾಯುವ ಕೆಲಸ ಮನಸ್ಸಿಗೆ ಬೀಳುತ್ತದೆ. ಯಾರಿಗೆ ಏನು ಹೇಳಿದ್ದೆ, ಯಾರಿಗೆ ಗೊತ್ತಾದರೆ ಏನಾಗುತ್ತದೆ ಎಂಬ ಲೆಕ್ಕ ಒಳಗೆ ನಡೆಯುತ್ತಲೇ ಇರುತ್ತದೆ, ಮತ್ತು ಆ ಲೆಕ್ಕ ಹೊರಗೆ ಕಾಣಿಸಿಕೊಳ್ಳುವುದು ನೀವು ಕಣ್ಣು ಮುಚ್ಚಿ ಕೂತಾಗಲೇ. ಸತ್ಯ, ಅಸ್ತೇಯ (ಕದಿಯದಿರುವುದು), ಸಂತೋಷ ಇವನ್ನೆಲ್ಲ ಧ್ಯಾನದ ತಯಾರಿ ಎಂದು ಇಟ್ಟಿರುವುದು ಸುಮ್ನೆ ಅಲ್ಲ.

## ಹಂತ 2: ಮೈಯನ್ನು ಕೂರಿಸಿ

ಆಸನದ ಬಗ್ಗೆ ಯೋಗಸೂತ್ರ ಕೇಳುವುದು ಎರಡೇ ಗುಣ: ಸ್ಥಿರ, ಸುಖ (2.46). ಪದ್ಮಾಸನವೇ ಆಗಬೇಕು ಎಂದು ಅಲ್ಲಿಲ್ಲ. ಮಂಡಿ ನೋಯುತ್ತಿದ್ದರೂ ಹಟ ಹಿಡಿದು ಪದ್ಮಾಸನ ಹಾಕಿದವರು ಧ್ಯಾನ ಮಾಡುವುದು ಮಂಡಿಯನ್ನೇ.

ಕಂಬಳಿ ಮಡಚಿ ಸೊಂಟದ ಕೆಳಗೆ ಮಾತ್ರ ಇಡಿ, ಕಾಲಿನ ಕೆಳಗೆ ಬೇಡ. ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು. ಆಗ ಬೆನ್ನು ತಾನಾಗಿ ನೇರವಾಗುತ್ತದೆ. ಮಂಡಿ ಸೊಂಟಕ್ಕಿಂತ ಎತ್ತರಕ್ಕೆ ಬಂದಿದ್ದರೆ ಕಂಬಳಿಗೆ ಇನ್ನೊಂದು ಮಡಿಕೆ ಹಾಕಿ. ಗೀತೆ ಹೇಳುವ ಹಾಗೆ ಮೈ, ತಲೆ, ಕುತ್ತಿಗೆ ಒಂದೇ ಗೆರೆಯಲ್ಲಿರಲಿ (6.13). ಗಲ್ಲ ಮುಂದೆ ಚಾಚಿರಬಾರದು.

ಈಗ ಮುಖ್ಯವಾದ ಭಾಗ. 2.47ನೇ ಸೂತ್ರ ಆಸನ ಕೈಗೂಡುವುದು ಪ್ರಯತ್ನವನ್ನು ಸಡಿಲ ಬಿಡುವುದರಿಂದ ಎನ್ನುತ್ತದೆ. ಹಾಗಾಗಿ ಕೂತ ಮೇಲೆ ಒಂದೊಂದೇ ಜಾಗಕ್ಕೆ ಹೋಗಿ ಬಿಗಿ ಬಿಡಿ. ಹಣೆ, ಕಣ್ಣಿನ ಸುತ್ತ, ದವಡೆ, ನಾಲಿಗೆಯ ಬುಡ, ಭುಜ, ಅಂಗೈ, ಹೊಟ್ಟೆ. ದವಡೆ ಮತ್ತು ನಾಲಿಗೆಯನ್ನು ಮರೆಯಬೇಡಿ. ಒಳಗೆ ಮಾತು ನಡೆಯುತ್ತಿದ್ದಾಗ ಅವೆರಡೂ ಗೊತ್ತಾಗದ ಹಾಗೆ ಬಿಗಿಯುತ್ತವೆ. ಸಡಿಲ ಬಿಟ್ಟರೆ ಒಳಮಾತಿನ ಸದ್ದೂ ಸ್ವಲ್ಪ ತಗ್ಗುತ್ತದೆ, ಮಾಡಿ ನೋಡಿ.

ಕಾಲು ಜೋಮು ಹಿಡಿದರೆ ಬದಲಿಸಿ, ತಪ್ಪೇನಿಲ್ಲ. ಆದರೆ ಮೆಲ್ಲಗೆ, ಗೊತ್ತಿದ್ದು ಬದಲಿಸಿ. ಮಂಡಿಯಲ್ಲಿ ಚುಚ್ಚುವ ನೋವು ಬಂದರೆ ತಡೆದುಕೊಂಡು ಕೂರಬೇಡಿ, ಕುರ್ಚಿಗೆ ಹೋಗಿ.

## ಹಂತ 3: ಉಸಿರನ್ನು ನಿಧಾನ ಮಾಡಿ

ಉಸಿರು ಅಲುಗಿದರೆ ಚಿತ್ತ ಅಲುಗುತ್ತದೆ, ಅದು ನಿಂತರೆ ಇದೂ ನಿಲ್ಲುತ್ತದೆ ಎನ್ನುತ್ತದೆ ಹಠಯೋಗ ಪ್ರದೀಪಿಕೆ ಎಂಬ ಹಳೆಯ ಯೋಗಗ್ರಂಥ (2.2). ಯೋಗಸೂತ್ರದ 1.34 ಕೂಡ ಉಸಿರನ್ನು ಹೊರಬಿಡುವುದು, ತಡೆಯುವುದು ಚಿತ್ತ ತಿಳಿಯಾಗಲು ಒಂದು ದಾರಿ ಎನ್ನುತ್ತದೆ. ಹೊಸಬರು ಅದರ ಮೊದಲರ್ಧ ಮಾತ್ರ ತೆಗೆದುಕೊಳ್ಳಿ. ತಡೆಯುವುದು ಗುರುಗಳ ಎದುರು ಕಲಿಯಬೇಕಾದದ್ದು.

ಮಾಡುವುದು ಹೀಗೆ. ಮೂಗಿನಿಂದಲೇ ಉಸಿರಾಡಿ. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಡುವೆ ಎಲ್ಲೂ ತಡೆಯಬೇಡಿ. ಹತ್ತು ಸುತ್ತು ಆದ ಮೇಲೆ, ಸಲೀಸಾಗಿದ್ದರೆ ಹೊರಗಿನದನ್ನು ಎಂಟಕ್ಕೆ ಒಯ್ಯಿರಿ. ಆಮೇಲೆ ಬೇಕಿದ್ದರೆ ಕೆಲವು ಸುತ್ತು ನಾಡಿಶೋಧನ ಮಾಡಿ: ಎಡ ಹೊಳ್ಳೆಯಿಂದ ಒಳಗೆ, ಬಲದಿಂದ ಹೊರಗೆ, ಬಲದಿಂದ ಒಳಗೆ, ಎಡದಿಂದ ಹೊರಗೆ. ಇಷ್ಟು ಒಂದು ಸುತ್ತು.

ಸರಿಯಾಗಿದೆಯೇ ಅಂತ ತಿಳಿಯುವುದು ಸುಲಭ. ಹೊರಬಿಟ್ಟ ಮೇಲೆ ಮುಂದಿನ ಉಸಿರನ್ನು ಗಬಕ್ಕನೆ ಎಳೆದುಕೊಳ್ಳಬೇಕು ಅನ್ನಿಸಿದರೆ ನೀವು ಜಾಸ್ತಿ ಎಳೆಯುತ್ತಿದ್ದೀರಿ. ಎಣಿಕೆ ಕಡಿಮೆ ಮಾಡಿ. ತಲೆ ಸುತ್ತು, ಬೆರಳ ತುದಿ ಜುಮ್ಮೆನ್ನುವುದು, ಎದೆ ಬಿಗಿ, ಈ ಮೂರರಲ್ಲಿ ಯಾವುದು ಬಂದರೂ ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಿ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವ ಹಾಗೆ ಉಸಿರನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಪ್ರದೀಪಿಕೆ (2.15) ಎಚ್ಚರಿಸಿರುವುದು ಇದಕ್ಕೇ.

ಎಷ್ಟು ಹೊತ್ತು? ಐದು ನಿಮಿಷ ಸಾಕು. ಮನಸ್ಸು ತೀರಾ ಕೆದರಿದ ದಿನ ಹದಿನೈದು ನಿಮಿಷವೂ ಇದನ್ನೇ ಮಾಡಿ ಎದ್ದುಬಿಡಿ. ಅದೂ ಅಭ್ಯಾಸವೇ.

## ಹಂತ 4: ಇಂದ್ರಿಯಗಳಿಗೆ ಕೆಲಸ ಕಡಿಮೆ ಮಾಡಿ

ಪ್ರತ್ಯಾಹಾರ ಅಂದ ಕೂಡಲೇ ಕಿವಿಗೆ ಹತ್ತಿ ತುರುಕುವವರಿದ್ದಾರೆ. ಬೇಕಾಗಿಲ್ಲ. ಸದ್ದು ಕೇಳಲಿ, ಅದರ ಹಿಂದೆ ಹೋಗದಿದ್ದರೆ ಆಯಿತು. ಬಾಗಿಲ ಸದ್ದು ಕೇಳಿತು, ಅಷ್ಟೇ. ಯಾರು ಬಂದರು, ಯಾಕೆ ಬಂದರು ಅಂತ ಶುರುವಾದರೆ ಅದು ಮನಸ್ಸು.

ಕಣ್ಣು ಮುಚ್ಚಿದರೆ ಚಿತ್ರಗಳ ಮೆರವಣಿಗೆ ಶುರುವಾಗುವವರು ಅರ್ಧ ತೆರೆದು ನೆಲದ ಒಂದು ಜಾಗ ನೋಡುತ್ತಾ ಕೂರಬಹುದು. ಅವರಿಗೆ ಇದೇ ಒಳ್ಳೆಯದು.

## ಹಂತ 5: ಒಂದೇ ಆಸರೆ ಆರಿಸಿ, ಬದಲಿಸಬೇಡಿ

ಮನಸ್ಸನ್ನು ಖಾಲಿ ಮಾಡಿ ಎಂದು ಹೊಸಬರಿಗೆ ಯೋಗಸೂತ್ರ ಹೇಳುವುದಿಲ್ಲ. ಧಾರಣೆ ಎಂದರೆ ಚಿತ್ತವನ್ನು ಒಂದು ಜಾಗಕ್ಕೆ ಕಟ್ಟುವುದು (3.1). ಕಟ್ಟಲು ಒಂದು ಗೂಟ ಬೇಕು. 1.34ರಿಂದ 1.39ರವರೆಗೆ ಪತಂಜಲಿ ಒಂದೊಂದೇ ಆಯ್ಕೆ ಕೊಡುತ್ತಾ ಹೋಗುತ್ತಾರೆ: ಉಸಿರು, ಇಂದ್ರಿಯಕ್ಕೆ ಸಿಗುವ ಒಂದು ವಿಷಯ, ಒಳಗಿನ ಬೆಳಕು, ರಾಗ ಬಿಟ್ಟವರ ಚಿತ್ತ, ಕನಸು ನಿದ್ದೆಗಳ ಅರಿವು. ಕೊನೆಗೆ ನಿಮಗೆ ಇಷ್ಟವಾದದ್ದನ್ನೇ ಹಿಡಿಯಿರಿ ಎನ್ನುತ್ತಾರೆ. ಇಷ್ಟು ಉದಾರವಾದ ಪಟ್ಟಿ ಕೊಡುವ ಮೊದಲು 1.32ರಲ್ಲಿ ಒಂದು ಷರತ್ತು ಹಾಕಿಬಿಟ್ಟಿದ್ದಾರೆ, ಏಕತತ್ತ್ವಾಭ್ಯಾಸ. ಯಾವುದಾದರೂ ಸರಿ, ಒಂದೇ ಇರಲಿ.

ಅಭ್ಯಾಸ ಶುರು ಮಾಡಿದ ಮೇಲೆ ತುಂಬಾ ಜನ ಸೋಲುವುದು ಇಲ್ಲಿ. ಈ ವಾರ ಉಸಿರು, ಮುಂದಿನ ವಾರ ಮಂತ್ರ, ಆಮೇಲೆ ಯಾವುದೋ ವಿಡಿಯೋ ನೋಡಿ ಚಕ್ರ. ಹೀಗೆ ಬದಲಿಸುವುದೂ ಚಂಚಲತೆಯೇ. ಕಡಿಮೆಯೆಂದರೆ ಮೂರು ತಿಂಗಳು ಒಂದನ್ನೇ ಹಿಡಿದು ನೋಡಿ.

ಯಾವುದನ್ನು ಹಿಡಿಯುವುದು ಅಂತ ತಿಳಿಯದಿದ್ದರೆ ನನ್ನ ಸಲಹೆ ಇದು. ಒಳಗೆ ಮಾತು ಜಾಸ್ತಿ ಇರುವವರಿಗೆ ಜಪ. ಮೈಯಲ್ಲಿ ಚಡಪಡಿಕೆ ಜಾಸ್ತಿ ಇರುವವರಿಗೆ ಉಸಿರು. ಚಿತ್ರಗಳು ಜಾಸ್ತಿ ಬರುವವರಿಗೆ ಇಷ್ಟದೇವರ ರೂಪ ಅಥವಾ ದೀಪದ ಜ್ವಾಲೆ. ಮನಸ್ಸು ಹೇಗೂ ಮಾಡುವ ಕೆಲಸವನ್ನೇ ಒಂದು ಕಡೆ ಕೊಟ್ಟರೆ ಅದರ ವಿರೋಧ ಕಡಿಮೆ.

ಜಪ ಹಿಡಿದವರಿಗೆ ಎರಡು ಮಾತು. ಜಪದಲ್ಲಿ ವಾಚಿಕ, ಉಪಾಂಶು, ಮಾನಸ ಅಂತ ಮೂರು ಬಗೆ. ಗಟ್ಟಿಯಾಗಿ ಹೇಳುವುದು, ತುಟಿ ಮಾತ್ರ ಅಲುಗುವುದು, ಒಳಗೇ ಹೇಳುವುದು. ಮಾನಸ ಜಪ ಎಲ್ಲಕ್ಕಿಂತ ಶ್ರೇಷ್ಠ ಎಂದು ಕೇಳಿ ನೇರ ಅದಕ್ಕೇ ಹೋಗುತ್ತಾರೆ, ಎರಡು ನಿಮಿಷಕ್ಕೆ ಮಂತ್ರ ಒಂದು ಕಡೆ, ಯೋಚನೆ ಒಂದು ಕಡೆ ಓಡುತ್ತಿರುತ್ತವೆ. ಮೊದಲು ಗಟ್ಟಿಯಾಗಿ ಶುರು ಮಾಡಿ, ಕೆಲವು ನಿಮಿಷದ ಮೇಲೆ ತುಟಿಗೆ ಇಳಿಸಿ, ಆಮೇಲೆ ಒಳಕ್ಕೆ ತನ್ನಿ. ತಪ್ಪಿಹೋದರೆ ಒಂದು ಮೆಟ್ಟಿಲು ವಾಪಸ್ ಬನ್ನಿ. ಮಾಲೆ ಇದ್ದರೆ ಹೆಬ್ಬೆರಳು, ಮಧ್ಯದ ಬೆರಳಲ್ಲಿ ಸರಿಸಿ, ಮೇರು ಮಣಿ (ಮಾಲೆಯ ತುದಿ ಸೇರುವ ಕಡೆಯ ಮಣಿ) ಬಂದಾಗ ದಾಟದೆ ಮಾಲೆ ತಿರುಗಿಸಿಕೊಳ್ಳಿ.

## ಹಂತ 6: ತಪ್ಪಿದಾಗ ವಾಪಸ್ ತರುವುದು

ಇಡೀ ಅಭ್ಯಾಸದ ಜೀವಾಳ ಇದು. ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಅದನ್ನು ತಂದು ನಿಲ್ಲಿಸಬೇಕು ಎನ್ನುತ್ತದೆ ಗೀತೆ (6.26). ಹೋಗಬಾರದು ಅಂತ ಅಲ್ಲಿ ಹೇಳಿಲ್ಲ. ಹೋಗುತ್ತದೆ ಅಂತ ಒಪ್ಪಿಕೊಂಡೇ ಮಾತು ಶುರುವಾಗುತ್ತದೆ.

ಕ್ರಮ ಹೀಗಿರಲಿ. ಒಂದು, ಹೋಗಿದ್ದು ಗೊತ್ತಾಯಿತು. ಎರಡು, ಒಂದೇ ಪದದಲ್ಲಿ ಗುರುತಿಸಿ: "ನೆನಪು" ಅಥವಾ "ಕಲ್ಪನೆ". ಪತಂಜಲಿ ಹೇಳುವ ಐದು ವೃತ್ತಿಗಳಲ್ಲಿ, ಅಂದರೆ ಮನಸ್ಸಿನ ಚಲನೆಗಳಲ್ಲಿ, ಸ್ಮೃತಿ (ನೆನಪು), ವಿಕಲ್ಪ (ಕಲ್ಪನೆ) ಎಂಬ ಎರಡೇ ಧ್ಯಾನದ ಹೊತ್ತಲ್ಲಿ ಹೆಚ್ಚು ಕಾಡುವುದು, ಹಾಗಾಗಿ ಎರಡು ಪದ ಸಾಕು. ಮೂರು, ಒಂದು ಉಸಿರು ಹೊರಬಿಡಿ. ನಾಲ್ಕು, ಆಸರೆಗೆ ಬನ್ನಿ.

ನಡುವೆ ಬೈಗುಳಕ್ಕೆ ಜಾಗ ಕೊಡಬೇಡಿ. "ಛೇ, ಮತ್ತೆ ಹೋಯಿತಲ್ಲ" ಅನ್ನುವುದೂ ಒಂದು ಯೋಚನೆ, ಅದರ ಬಾಲ ಹಿಡಿದು ಇನ್ನೂ ನಾಲ್ಕು ಬರುತ್ತವೆ. ಎಲ್ಲಿಂದ ಹೊರಟು ಎಲ್ಲಿಗೆ ಬಂದೆ ಎಂದು ಯೋಚನೆಯ ಜಾಡು ಹಿಡಿದು ಹಿಂದಕ್ಕೆ ಹೋಗುವ ಚಟವೂ ಕೆಲವರಿಗಿದೆ. ಅದನ್ನೂ ಬಿಡಿ.

ವೈರಾಗ್ಯ ಎಂಬ ದೊಡ್ಡ ಮಾತಿಗೆ ಕೂತಲ್ಲೇ ಒಂದು ಸಣ್ಣ ರೂಪ ಇದೆ. ಮೊದಲ ಯೋಚನೆ ತಾನಾಗಿ ಬರುತ್ತದೆ, ತಡೆಯಲು ಆಗುವುದಿಲ್ಲ. ಎರಡನೆಯದನ್ನು ನಾವು ಸೇರಿಸುತ್ತೇವೆ. ಅದನ್ನು ಸೇರಿಸದೆ ಇರುವುದೇ ಆ ಕ್ಷಣದ ವೈರಾಗ್ಯ. "ಆದರೆ ಇದು ನಿಜವಾಗಿಯೂ ಮುಖ್ಯವಾದ ವಿಷಯ" ಅನ್ನಿಸುವ ಯೋಚನೆಗಳ ಬಗ್ಗೆ ವಿಶೇಷ ಎಚ್ಚರ ಇರಲಿ. ಅತಿ ಗಟ್ಟಿ ಬಲೆ ಅದೇ. ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದ್ದು ಇದಕ್ಕೆ: ಎದ್ದ ಮೇಲೆ ಬರೆದುಕೊಳ್ಳುತ್ತೇನೆ ಅಂತ ಬಿಟ್ಟುಬಿಡಿ. ಎದ್ದ ಮೇಲೆ ನೆನಪಾದರೆ ಬರೆಯಿರಿ.

## ಹಂತ 7: ತೊಂದರೆ ಯಾವುದು ಅಂತ ಗುರುತಿಸಿ

ಕೆಲವು ವಾರ ಆದ ಮೇಲೆ "ಆಗುತ್ತಿಲ್ಲ" ಅನ್ನಿಸುತ್ತದೆ. ಆಗುತ್ತಿಲ್ಲ ಅಂದರೆ ಏನು ಆಗುತ್ತಿದೆ? ವೇದಾಂತದಲ್ಲಿ ನಾಲ್ಕು ಅಡ್ಡಿಗಳನ್ನು ಬೇರೆ ಬೇರೆ ಮಾಡಿ ಹೇಳಿದ್ದಾರೆ. ಲಯ, ವಿಕ್ಷೇಪ, ಕಷಾಯ, ರಸಾಸ್ವಾದ. ವೇದಾಂತಿ ಗೌಡಪಾದರ ಮಾಂಡೂಕ್ಯ ಕಾರಿಕೆ ಎಂಬ ಗ್ರಂಥ (3.44) ಲಯದಲ್ಲಿ ಚಿತ್ತವನ್ನು ಎಬ್ಬಿಸು, ವಿಕ್ಷೇಪದಲ್ಲಿ ತಣಿಸು ಎನ್ನುತ್ತದೆ. ಗಮನಿಸಿ, ಎರಡಕ್ಕೂ ಮದ್ದು ಪೂರ್ತಿ ಉಲ್ಟಾ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ರೋಗ ಹೆಚ್ಚುತ್ತದೆ.

ಲಯ. ಮನಸ್ಸು ಮಂಕಾಗಿ ನಿದ್ದೆಯ ಕಡೆ ಜಾರುವುದು. ತಲೆ ವಾಲುತ್ತದೆ, ಮಂತ್ರ ತಡವರಿಸುತ್ತದೆ, ಅರ್ಥವಿಲ್ಲದ ತುಂಡು ಚಿತ್ರಗಳು ಬರುತ್ತವೆ. ಇದನ್ನು "ಆಳವಾದ ಧ್ಯಾನ" ಅಂದುಕೊಂಡು ವರ್ಷಗಟ್ಟಲೆ ಕೂರುವವರಿದ್ದಾರೆ, ಅದಕ್ಕೇ ಇದು ಹೆಚ್ಚು ಅಪಾಯ. ಎದ್ದ ಮೇಲೆ ತಲೆ ಭಾರ, ಮಾತಾಡಲು ಬೇಸರ ಇದ್ದರೆ ಅದು ಲಯ. ಕಣ್ಣು ತೆರೆಯಿರಿ, ಬೆನ್ನು ಎತ್ತಿ, ಮುಖ ತೊಳೆಯಿರಿ, ಜಪ ಗಟ್ಟಿ ಮಾಡಿ, ಬೇಕಿದ್ದರೆ ನಿಂತು ಮಾಡಿ. ಉದ್ದ ಉಸಿರು ಬಿಡುತ್ತಾ ಇನ್ನೂ ಸಡಿಲವಾಗಬೇಡಿ.

ವಿಕ್ಷೇಪ. ಓಡುವ ಮನಸ್ಸು. ಇಲ್ಲಿ ಹೊರಬಿಡುವ ಉಸಿರನ್ನು ಉದ್ದ ಮಾಡಿ, ಮೈಯ ಬಿಗಿ ಬಿಡಿ, ಸಮಯ ಕಡಿಮೆ ಮಾಡಿ. ಹಟ ಹಿಡಿದು ಹೊತ್ತು ಹೆಚ್ಚಿಸಿದರೆ ವಿಕ್ಷೇಪ ಸಿಟ್ಟಾಗುತ್ತದೆ.

ಕಷಾಯ. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. ನಿದ್ದೆಯೂ ಇಲ್ಲ, ಓಟವೂ ಇಲ್ಲ, ಆದರೂ ಮನಸ್ಸು ಮರಗಟ್ಟಿದ ಹಾಗೆ ನಿಂತಿರುತ್ತದೆ. ಒಳಗೆ ಹಳೆಯ ಆಸೆ ಅಥವಾ ಕಹಿ ಕೂತಿರುತ್ತದೆ. ಇದಕ್ಕೆ ತಂತ್ರ ಬದಲಿಸಿ ಉಪಯೋಗವಿಲ್ಲ. ಅದು ಅಲ್ಲಿದೆ ಎಂದು ತಿಳಿಯಬೇಕು ಎನ್ನುತ್ತದೆ ಕಾರಿಕೆ. ಮುಂದಿನ ಹಂತ ಇದಕ್ಕೇ.

ರಸಾಸ್ವಾದ. ಒಂದು ದಿನ ಚೆನ್ನಾಗಿ ಆಯಿತು, ತಂಪಾಯಿತು. ಮರುದಿನ ಅದೇ ಬೇಕು ಅಂತ ಕೂರುತ್ತೀರಿ, ಬರುವುದಿಲ್ಲ. ನಿನ್ನೆಯದನ್ನು ಹುಡುಕುವುದು ಕೂಡ ನೆನಪಿನ ವೃತ್ತಿ. ಗುರುತಿಸಿ ವಾಪಸ್ ಬನ್ನಿ.

ದಿನವೂ ಎದ್ದ ಮೇಲೆ ನೋಟ್‌ಬುಕ್‌ನಲ್ಲಿ ಈ ನಾಲ್ಕರಲ್ಲಿ ಯಾವುದು ಜಾಸ್ತಿ ಇತ್ತು ಎಂದು ಒಂದೇ ಪದ ಬರೆಯಿರಿ. ಎರಡು ವಾರಕ್ಕೆ ನಿಮ್ಮ ಜಾಡು ನಿಮಗೇ ಕಾಣುತ್ತದೆ. ಬೆಳಿಗ್ಗೆ ಲಯ, ಸಂಜೆ ವಿಕ್ಷೇಪ ಇರುವವರು ಎರಡು ಹೊತ್ತಿಗೂ ಒಂದೇ ವಿಧಾನ ಬಳಸುತ್ತಾ ಯಾಕೆ ಕಷ್ಟಪಡುತ್ತಿದ್ದರು ಅಂತ ಆಗ ಅರ್ಥವಾಗುತ್ತದೆ.

## ಹಂತ 8: ಮತ್ತೆ ಮತ್ತೆ ಬರುವ ಮನುಷ್ಯರು

ಕಾಡುವ ಯೋಚನೆಗಳನ್ನು ಗಮನಿಸಿದರೆ ಹೆಚ್ಚಿನವುಗಳಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಬಡ್ತಿ ಸಿಕ್ಕ ಸಹೋದ್ಯೋಗಿ, ನೋಯಿಸಿದ ನೆಂಟ, ಕಷ್ಟದಲ್ಲಿರುವ ಗೆಳೆಯ. 1.33ನೇ ಸೂತ್ರ ಇದಕ್ಕೆ ಸಿದ್ಧ ಉತ್ತರ ಕೊಡುತ್ತದೆ. ಸುಖದಲ್ಲಿರುವವರ ಬಗ್ಗೆ ಮೈತ್ರಿ, ದುಃಖದಲ್ಲಿರುವವರ ಬಗ್ಗೆ ಕರುಣೆ, ಒಳ್ಳೆಯದು ಮಾಡುವವರ ಬಗ್ಗೆ ಮುದಿತೆ ಅಂದರೆ ಸಂತೋಷ, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ.

ಕೂರುವ ಮೊದಲು ಎರಡು ನಿಮಿಷ ಇದನ್ನು ಮಾಡಿ. ಯಾರು ತಲೆಯಲ್ಲಿದ್ದಾರೆ ಎಂದು ಕೇಳಿಕೊಳ್ಳಿ. ಅವರು ಈ ನಾಲ್ಕರಲ್ಲಿ ಎಲ್ಲಿ ಬರುತ್ತಾರೆ? ಹೊಟ್ಟೆಕಿಚ್ಚು ಬಂದಿದ್ದರೆ ಆ ವ್ಯಕ್ತಿ ಸುಖದಲ್ಲಿರುವವರ ಗುಂಪಿಗೆ ಸೇರುತ್ತಾನೆ, ಗೆಳೆಯನಿಗೆ ಬಂದ ಸುಖ ಅನ್ನುವ ಹಾಗೆ ಒಮ್ಮೆ ನೋಡಿ. ಮೊದಮೊದಲು ಬಾಯಿಮಾತಿಗೆ ಹೇಳಿದ ಹಾಗಿರುತ್ತದೆ. ಇರಲಿ, ಮಾಡುತ್ತಾ ಹೋಗಿ.

ಉಪೇಕ್ಷೆಯಲ್ಲಿ ಎಡವುವುದು ಜಾಸ್ತಿ. ಅನ್ಯಾಯ ಮಾಡಿದವನನ್ನು ಸುಮ್ನೆ ಬಿಡಬೇಕು ಅಂತ ಅಲ್ಲ. ದೂರು ಕೊಡಬೇಕಿದ್ದರೆ ಕೊಡಿ, ದೂರ ಇಡಬೇಕಿದ್ದರೆ ಇಡಿ. ಆದರೆ ಆ ಕೆಲಸ ಹಗಲಿನದು. ಕೂತ ಹೊತ್ತಲ್ಲಿ ಅವನ ಜೊತೆ ಒಳಗೇ ವಾದ ಮಾಡುವುದನ್ನು ನಿಲ್ಲಿಸುವುದೇ ಉಪೇಕ್ಷೆ. ಹಾಗೂ ಕೆಟ್ಟ ಯೋಚನೆ ಬಿಡದಿದ್ದರೆ 2.33 ಹೇಳುವ ಪ್ರತಿಪಕ್ಷ ಭಾವನೆ ಇದೆ: ಇದರ ಹಿಂದೆ ಹೋದರೆ ನನಗೆ ಸಿಗುವುದು ಇನ್ನಷ್ಟು ನೋವು ಎಂದು ಸ್ಪಷ್ಟವಾಗಿ ನೋಡುವುದು.

## ಎಲ್ಲಿ ನಿಲ್ಲಿಸಬೇಕು

ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆ ರೋಗ ಇರುವವರು, ಗರ್ಭಿಣಿಯರು ಉಸಿರು ತಡೆಯುವ, ಜೋರಾಗಿ ಉಸಿರಾಡುವ ಯಾವುದನ್ನೂ ವೈದ್ಯರನ್ನು ಕೇಳದೆ ಮಾಡಬಾರದು.

ಕೂತಾಗ ಎದೆ ಬಡಿತ ಏರಿ ಭಯ ಬಂದರೆ ಕಣ್ಣು ತೆರೆಯಿರಿ, ಎದ್ದು ನಡೆಯಿರಿ. ನಿದ್ದೆ ಹಲವು ದಿನ ಕೆಟ್ಟರೆ, ತನ್ನ ಮೈ ತನ್ನದಲ್ಲ ಅನ್ನಿಸುತ್ತಿದ್ದರೆ, ಇಲ್ಲದ ದನಿ ಕೇಳಿಸಿದರೆ, ಹಳೆಯ ಆಘಾತ ಕಣ್ಣೆದುರು ನಡೆಯುವ ಹಾಗೆ ಬಂದರೆ, ಬದುಕೇ ಬೇಡ ಅನ್ನಿಸಿದರೆ ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ಇದು ಸಾಧನೆಯ ಹಂತ, ತಡೆದುಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಡ್ಡಿಗಳ ಪಟ್ಟಿಯಲ್ಲಿ (1.30) ಪತಂಜಲಿ ಮೊದಲು ಇಟ್ಟಿರುವುದೇ ವ್ಯಾಧಿಯನ್ನು. ರೋಗವಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ನಡೆಯುತ್ತಿರುವ ಔಷಧಿಯನ್ನು ಧ್ಯಾನ ಶುರುವಾಯಿತು ಅಂತ ನಿಲ್ಲಿಸಬೇಡಿ.

## ಹೊತ್ತು ಯಾವಾಗ ಹೆಚ್ಚಿಸುವುದು

ಮೊದಲ ತಿಂಗಳು ದಿನಕ್ಕೆ ಒಮ್ಮೆ, ಉಸಿರಿಗೆ ಐದು ನಿಮಿಷ, ಆಸರೆಗೆ ಐದು ನಿಮಿಷ. ಸಾಲದು ಅನ್ನಿಸಿದರೂ ಅಷ್ಟೇ. ಅಭ್ಯಾಸ ಗಟ್ಟಿಯಾಗಲು ಯೋಗಸೂತ್ರ (1.14) ಕೇಳುವುದು ಮೂರು: ಬಹುಕಾಲ, ಬಿಡದೆ, ಆದರದಿಂದ. ಭಾನುವಾರ ಒಂದು ಗಂಟೆ ಕೂತು ಉಳಿದ ದಿನ ಬಿಟ್ಟವರಿಗಿಂತ ದಿನಾ ಹತ್ತು ನಿಮಿಷ ಕೂತವರು ಮುಂದೆ ಹೋಗುತ್ತಾರೆ.

ಯೋಚನೆ ಎಷ್ಟು ಬಂತು ಅಂತ ಎಣಿಸಬೇಡಿ. ಅಭ್ಯಾಸ ಹೆಚ್ಚಿದಂತೆ ಅವು ಮೊದಲಿಗಿಂತ ಜಾಸ್ತಿ ಕಾಣುತ್ತವೆ, ಯಾಕೆಂದರೆ ಈಗ ನೀವು ನೋಡುತ್ತಿದ್ದೀರಿ. ಎಷ್ಟು ಬೇಗ ವಾಪಸ್ ಬರುತ್ತೀರಿ ಅನ್ನುವುದನ್ನು ಮಾತ್ರ ಗಮನಿಸಿ. ಮೊದಲು ಮೂರು ನಿಮಿಷದ ಕಥೆ ಮುಗಿದ ಮೇಲೆ ಗೊತ್ತಾಗುತ್ತಿತ್ತು, ಈಗ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತಿದೆ ಅಂದರೆ ಕೆಲಸ ಆಗುತ್ತಿದೆ. ಕೂತಾಗ ಉಸಿರು ಎಣಿಸದೆಯೇ ನಿಧಾನವಾಗುವುದು, ಮೈ ಅಲುಗಿಸಬೇಕು ಅನ್ನಿಸದೆ ಇರುವುದು, ಹಗಲು ಸಿಟ್ಟು ಬರುವಾಗ ಬಾಯಿಗೆ ಬರುವ ಮೊದಲೇ ಗೊತ್ತಾಗುವುದು ಉಳಿದ ಗುರುತುಗಳು.

ಇವು ಎರಡು ಮೂರು ವಾರ ಸತತವಾಗಿ ಕಂಡರೆ ಐದು ನಿಮಿಷ ಸೇರಿಸಿ. ಸೇರಿಸಿದ ಮೇಲೆ ನೋಟ್‌ಬುಕ್‌ನಲ್ಲಿ ಲಯವೋ ವಿಕ್ಷೇಪವೋ ಒಮ್ಮೆಲೇ ಜಾಸ್ತಿಯಾದರೆ ಹಳೆಯ ಹೊತ್ತಿಗೇ ಇಳಿಸಿ, ಇನ್ನೊಂದು ತಿಂಗಳು ಅಷ್ಟರಲ್ಲೇ ಇರಿ.